ದೀಪ ಹಿಡಿದ ಮುದುಕಿ

ಆ ನಾಟಕದಲ್ಲಿ ದೀಪ ಹಿಡಿದ ಮುದುಕಿ ಇಲ್ಲವೇ ಇಲ್ಲ. ರಾಜ ಇದ್ದಾನೆ, ಏಳು ಹೆಣಗಳಿವೆ, ತಮ್ಮನನ್ನು ಕೊಂದವರ ಮೇಲೆ ಸೇಡು ತೀರಿಸಿಕೊಳ್ಳುವ ಅಕ್ಕ ಇದ್ದಾಳೆ. ಮುದುಕಿಯನ್ನು ಹುಟ್ಟಿಸಿದ್ದು ಸೂಜಿ ಮೇಡಂ.

ಅದು ಮಕ್ಕಳು ಇಟ್ಟ ಹೆಸರು. ದಿನಕ್ಕೆ ಹತ್ತು ಜನರನ್ನು ಚುಚ್ಚದಿದ್ದರೆ ಮೇಡಂಗೆ ಉಂಡ ಅನ್ನ ಅರಗುವುದಿಲ್ಲ ಎಂದು ಅವರ ನಂಬಿಕೆ. ಹತ್ತನೇ ತರಗತಿಗೆ ಆ ಹಳೆಯ ದುರಂತ ನಾಟಕ ಓದಿಸುವ ಮೊದಲು ಎರಡು ವಾರ ತಯಾರಿ ಮಾಡಿಸುವುದು ಮೇಡಂ ಪದ್ಧತಿ. ಪಾತ್ರಗಳ ಪರಿಚಯ, ಕಾಲ, ಅರಮನೆಯ ಒಳಜಗಳ ಎಲ್ಲವನ್ನೂ ಕೈಯಲ್ಲೇ ಬರೆದು ಹಂಚುತ್ತಿದ್ದರು. ಆ ಟಿಪ್ಪಣಿಯಲ್ಲಿ ಪ್ರತಿವರ್ಷ ನಾಟಕದಲ್ಲಿಲ್ಲದ ಒಂದು ಹೊಸ ಕಳ್ಳ ಪಾತ್ರ ನುಸುಳಿಸುತ್ತಿದ್ದರು. ಟಿಪ್ಪಣಿಯನ್ನಷ್ಟೇ ಉರು ಹೊಡೆದವರು ಅದರ ಬಗ್ಗೆ ಪುಟಗಟ್ಟಲೆ ಬರೆದು ಸಿಕ್ಕಿಬೀಳುತ್ತಿದ್ದರು. ನಾಟಕ ಓದಿದವರು "ಇವರೆಲ್ಲಿದ್ದಾರೆ ಮೇಡಂ?" ಎಂದು ಕೇಳಿ ಶಹಬ್ಬಾಸ್ ಗಿಟ್ಟಿಸುತ್ತಿದ್ದರು. ಕೊನೆಗೆ ಮೇಡಂ ಗುಟ್ಟು ಬಿಟ್ಟುಕೊಡುತ್ತಿದ್ದರು, ಎಲ್ಲರೂ ನಗುತ್ತಿದ್ದರು.

ನಾಲ್ಕು ವರ್ಷದ ಹಿಂದೆ, ಮುದುಕಿಯ ಸರದಿ ಇದ್ದಾಗ, ಹೆಡ್‌ಮಾಸ್ಟರು "ಒಂದು ವಾರ ನೋಡಿ ಕೊಡ್ತೀನಿ" ಎಂದು ಆ ಟಿಪ್ಪಣಿ ಪುಸ್ತಕ ಇಸಿದುಕೊಂಡರು. ವಾರ ಎಂಟು ತಿಂಗಳಾಯಿತು. ಆಮೇಲೆ ಬಂದದ್ದು ಅಚ್ಚಾದ ಪುಸ್ತಕ. ಮುಖಪುಟದಲ್ಲಿ ಹೆಡ್‌ಮಾಸ್ಟರ ಹೆಸರು, ಹಿಂದೆ ಅವರ ಫೋಟೋ, ಒಳಗೆ ಮೇಡಂರ ಹತ್ತೊಂಬತ್ತು ವರ್ಷದ ದುಡಿಮೆ. ಸ್ಟಾಫ್ ರೂಮಿನಲ್ಲಿ ನಿಂತೇ ಪುಟ ತಿರುವುತ್ತಿದ್ದ ಮೇಡಂಗೆ ಮೈಯೆಲ್ಲ ಉರಿಯಿತು. ನಲವತ್ತೊಂದನೇ ಪುಟಕ್ಕೆ ಬಂದಾಗ ಉರಿ ನಿಂತು ನಗು ಬಂತು. ಅಲ್ಲಿ ಮುದುಕಿ ಇದ್ದಳು! ಬರೀ ಇದ್ದಳೇ? 'ಮುದುಕಿಯ ಪಾತ್ರದ ಮಹತ್ವ' ಎಂದು ಪುಣ್ಯಾತ್ಮ ಒಂದೂವರೆ ಪುಟ ತನ್ನ ಕೈಯಾರೆ ಸೇರಿಸಿದ್ದ.

ಅಂದೇ ಹೇಳಬಹುದಿತ್ತು. ಹೇಳಿದ್ದರೆ ಮುಂದಿನ ಮುದ್ರಣದಲ್ಲಿ ತಿದ್ದಿಕೊಂಡು ಮೀಸೆ ಸವರಿಕೊಳ್ಳುತ್ತಿದ್ದರು. ಮೇಡಂಗೆ ಬೇಕಿದ್ದದ್ದು ತಿದ್ದುಪಡಿಯಲ್ಲ, ಆ ಮನುಷ್ಯ ನಾಲ್ಕು ಜನರೆದುರು ಮಕಾಡೆ ಬೀಳುವುದು. ಬಾಯಿಗೆ ಬೀಗ ಹಾಕಿಕೊಂಡರು. ಪುಸ್ತಕ ಆರು ಊರುಗಳ ಶಾಲೆಗೆ ಹೋಯಿತು. ಮೂರು ವರ್ಷ ಅವರು ಹೆಡ್‌ಮಾಸ್ಟರಿಗೆ ನಮಸ್ಕಾರ ಹೇಳಿದರು, ಹಲ್ಲು ಕಚ್ಚಿಕೊಂಡು.

ಕಾದದ್ದಕ್ಕೆ ಫಲ ಬಂತು. ಆ ಪುಸ್ತಕವನ್ನು ಎಲ್ಲ ಶಾಲೆಗಳಿಗೂ ಪಠ್ಯವಾಗಿ ಗೊತ್ತುಮಾಡುವ ಮೊದಲು ಪಠ್ಯ ಸಮಿತಿಯ ಅಧ್ಯಕ್ಷೆ ಬಂದು ನೋಡುತ್ತಾರಂತೆ. ಹೆಡ್‌ಮಾಸ್ಟರು ಮೇಡಂ ತರಗತಿಯಲ್ಲೇ ಪಾಠ ಮಾಡಿ ತೋರಿಸುತ್ತಾರಂತೆ. ಸುದ್ದಿ ಕೇಳಿ ಮೇಡಂ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಹಿಂದಿನ ದಿನ ತರಗತಿಯಲ್ಲಿ ಎಂದಿನ ತಯಾರಿ. ಮೇಡಂ ಬೋರ್ಡಿನ ಮೇಲೆ ಒಂದು ಮಾತು ಬರೆದರು: 'ಅನ್ಯಾಯ ಮಾಡಿದವರ ಮೇಲೆ ಸೇಡು ತೀರಿಸಿಕೊಳ್ಳುವುದು ತಪ್ಪಲ್ಲ.'

"ಹೌದು ಅನ್ನೋರು ಕಿಟಕಿ ಕಡೆ ನಿಂತ್ಕೊಳಿ, ಅಲ್ಲ ಅನ್ನೋರು ಬಾಗಿಲ ಕಡೆ."

ಮೂವತ್ತೆಂಟು ಮಕ್ಕಳು ದಬದಬ ಕಿಟಕಿ ಕಡೆ ಓಡಿದರು. ಬಾಗಿಲ ಹತ್ತಿರ ಉಳಿದವಳು ಗುಬ್ಬಿ ಒಬ್ಬಳೇ. ಅವಳು ಮೇಡಂರ ತಂಗಿಯ ಮಗಳು. ಹೋದ ವರ್ಷ ತನ್ನೂರಿನಲ್ಲಿ ಹತ್ತನೇ ತರಗತಿಯ ಪರೀಕ್ಷೆಯಲ್ಲಿ ನಾಲ್ಕು ಮಾರ್ಕ್ಸಿಗೆ ಫೇಲಾಗಿ, ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಮತ್ತೆ ಓದುತ್ತಿದ್ದಳು. "ಕನಸು ಕಾಣ್ತಾ ಕೂತ್ರೆ ಮಾರ್ಕ್ಸು ಆಕಾಶದಿಂದ ಉದುರುತ್ತಾ?" ಎಂದು ದೊಡ್ಡಮ್ಮ ಅವಳನ್ನು ಬಂದ ದಿನವೇ ಚುಚ್ಚಿದ್ದರು. ಎಲ್ಲಿ ತಪ್ಪಾಯಿತು ಎಂದು ಮಾತ್ರ ಕೇಳಿರಲಿಲ್ಲ. ಶಾಲೆಯಲ್ಲಿ ಮೇಡಂ ಎಂದೇ ಕರೆಯಬೇಕು ಎಂಬ ಕಟ್ಟಪ್ಪಣೆ ಬೇರೆ.

"ನೀನ್ಯಾಕೆ ಅಲ್ಲಿ?"

"ಅನ್ಯಾಯ ಯಾರು ಮಾಡಿದ್ರು ಅಂತಾನೇ ಗೊತ್ತಿಲ್ದಿದ್ರೆ ಯಾರ ಮೇಲೆ ತೀರಿಸ್ಕೊಳ್ಳೋದು ಮೇಡಂ?"

ಮಕ್ಕಳು ನಕ್ಕರು. ಮೇಡಂಗೆ ಅದನ್ನೆಲ್ಲ ಕೇಳುವ ಪುರುಸೊತ್ತಿರಲಿಲ್ಲ. ಕ್ಲಾಸ್ ಲೀಡರ್ ಹುಡುಗಿಯನ್ನು ಹತ್ತಿರ ಕರೆದು, ನಾಟಕದ ಪುಸ್ತಕ ಕೊಟ್ಟು, ನಾಳೆ ಹೆಡ್‌ಮಾಸ್ಟರನ್ನು ಕೇಳಬೇಕಾದ ಒಂದು ಪ್ರಶ್ನೆ ಹೇಳಿಕೊಟ್ಟರು.

ಮರುದಿನ ಹೆಡ್‌ಮಾಸ್ಟರು ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದರು. ಅಧ್ಯಕ್ಷೆ ಹಿಂದಿನ ಬೆಂಚಿನಲ್ಲಿ ಒಂದು ಕೈಯಲ್ಲಿ ನಾಟಕ, ಇನ್ನೊಂದು ಕೈಯಲ್ಲಿ ಹೆಡ್‌ಮಾಸ್ಟರ ಪುಸ್ತಕ ಹಿಡಿದು ಕೂತರು. ಅರ್ಧ ಗಂಟೆ ಪಾಠ ನೀರು ಹರಿದಂತೆ ಹರಿಯಿತು. ಹರಿಯದೇ ಏನು, ಮಾತೆಲ್ಲ ಮೇಡಂದೇ. ಆಗ ಲೀಡರ್ ಹುಡುಗಿ ಎದ್ದಳು.

"ಸರ್, ದೀಪ ಹಿಡಿದ ಮುದುಕಿ ಯಾವ ಅಂಕದಲ್ಲಿ ಬರ್ತಾಳೆ?"

"ಮೂರನೇ ಅಂಕದಲ್ಲಮ್ಮ. ಬಹಳ ಮುಖ್ಯವಾದ ಪಾತ್ರ."

"ಮೂರನೇದು ಪೂರ್ತಿ ಓದ್ದೆ ಸರ್. ಸಿಗ್ಲಿಲ್ಲ."

"ಹಾಗಾದ್ರೆ ನಾಲ್ಕು."

ಹಿಂದಿನ ಬೆಂಚಿನಲ್ಲಿ ಪುಟ ತಿರುವುವ ಸದ್ದು. "ನಾಲ್ಕರಲ್ಲೂ ಇಲ್ಲ. ಈ ನಾಟಕದಲ್ಲಿ ಮುದುಕೀನೇ ಇಲ್ವಲ್ರೀ!" ಎಂದರು ಅಧ್ಯಕ್ಷೆ.

ಹೆಡ್‌ಮಾಸ್ಟರ ಮುಖ ಇಂಗು ತಿಂದ ಮಂಗನಂತಾಯಿತು. ಸುಮ್ಮನಿದ್ದರೆ ನಾಟಕ ಓದಿಲ್ಲ ಎಂದಾಗುತ್ತದೆ. ಬಾಯಿ ಬಿಟ್ಟರೆ ಕಳ್ಳತನ ಹೊರಬೀಳುತ್ತದೆ. ಬಿಟ್ಟರು.

"ನನ್ನ ತಪ್ಪಲ್ಲ ಇದು! ಈ ಮೇಡಂ ಟಿಪ್ಪಣೀಲೇ ಹಾಗಿತ್ತು. ನಂಬಿ ಬರ್ಕೊಂಡೆ."

"ಅವರ ಟಿಪ್ಪಣಿನಾ? ಇಲ್ಲಿ ನಿಮ್ಮ ಹೆಸರಿದೆಯಲ್ಲ?"

ಈ ಒಂದು ಮಾತಿಗಾಗಿ ಮೇಡಂ ಮೂರು ವರ್ಷ ಕಾದಿದ್ದರು. ಸೆರಗು ಸರಿಮಾಡಿಕೊಂಡು ಮೂಲೆಯ ಕುರ್ಚಿಯಿಂದ ಎದ್ದರು. 

"ಕಳ್ಳರನ್ನ ಹಿಡಿಯೋಕೆ ಅಂತಾನೇ ಆ ಮುದುಕೀನ ಇಟ್ಟಿದ್ದೆ. ಪುಸ್ತಕ ಬಂದ ದಿನಾನೇ ನೋಡಿದೀನಿ. ಒಂದು ಮಾತೂ ಆಡಲಿಲ್ಲ. ಇವತ್ತಿಗೇಂತ ಮೂರು ವರ್ಷ ಬಾಯಿ ಮುಚ್ಕೊಂಡಿದ್ದೆ."

ಅಧ್ಯಕ್ಷೆ ಪುಸ್ತಕ ಮುಚ್ಚಿದರು. "ಇದು ಯಾವ ಶಾಲೆಗೂ ಹೋಗಲ್ಲ. ನೀವು ನನ್ನ ಜೊತೆ ಆಫೀಸಿಗೆ ಬನ್ನಿ," ಎಂದು ಹೆಡ್‌ಮಾಸ್ಟರಿಗೆ ಹೇಳಿದರು. ಕೋಟು ಹಾಗೇ ಇತ್ತು, ಒಳಗಿದ್ದ ಮನುಷ್ಯ ಮಾತ್ರ ಕುಗ್ಗಿಹೋಗಿದ್ದ. ಆತ ಬಾಗಿಲು ದಾಟುವವರೆಗೂ ಮೇಡಂ ಕಣ್ತುಂಬ ನೋಡಿದರು.

"ದೊಡ್ಡಮ್ಮ."

 ಗುಬ್ಬಿ ಎದ್ದು ನಿಂತಿದ್ದಳು.

"ಶಾಲೇಲಿ ಹಾಗೆ ಕರೀಬಾರದು ಅಂತ..."

"ನಮ್ಮೂರ ಶಾಲೇಲೂ ಇದೇ ಪುಸ್ತಕ ದೊಡ್ಡಮ್ಮ. ಹೋದ ವರ್ಷ ಪರೀಕ್ಷೇಲಿ, ಮರೆಯೋಕಾಗದ ಒಂದು ಸಣ್ಣ ಪಾತ್ರದ ಬಗ್ಗೆ ಬರೀರಿ ಅಂತ ಕೇಳಿದ್ರು. ಎಂಟು ಮಾರ್ಕ್ಸು. ನಾನು ಮುದುಕಿ ಬಗ್ಗೆ ಎರಡು ಪುಟ ಬರೆದೆ. ಅಷ್ಟು ಚೆನ್ನಾಗಿ ಬೇರೇನೂ ಬರೆದಿರಲಿಲ್ಲ ಅಂದ್ಕೊಂಡಿದ್ದೆ."

  ಮೇಡಂ ಅವಳ ಬೆಂಚಿನ ಕಡೆ ಎರಡು ಹೆಜ್ಜೆ ಇಟ್ಟರು.

"ಅದಕ್ಕೆ ಸೊನ್ನೆ ಕೊಟ್ರು. ನಾಲ್ಕು ಮಾರ್ಕ್ಸಿಗೆ ಹೋಯ್ತು. ನಿಮಗೆ ಮೊದಲೇ ಗೊತ್ತಿತ್ತಾ ದೊಡ್ಡಮ್ಮ, ಅದು ಸುಳ್ಳು ಅಂತ?"

"ಗುಬ್ಬಿ, ಅದು ನಿನಗಲ್ಲ ಕಣೇ, ಅವನಿಗೆ..."

ಬೋರ್ಡಿನ ಮೇಲೆ ನಿನ್ನೆಯ ಮಾತು ಅಳಿಸದೆ ಹಾಗೇ ಇತ್ತು. ಗುಬ್ಬಿ ಅದನ್ನು ನಿಧಾನವಾಗಿ ಓದಿದಳು. ಬೆಂಚಿನಿಂದ ಹೊರಬಂದು, ದೊಡ್ಡಮ್ಮನ ಮುಂದೆಯೇ ಹಾದು, ನಿನ್ನೆ ಉಳಿದವರೆಲ್ಲ ನಿಂತಿದ್ದ ಕಿಟಕಿಯ ಕಡೆ ಹೋಗಿ ನಿಂತಳು.

"ಈಗ ಗೊತ್ತಾಯ್ತು," ಎಂದಳು.