ಎರಡು ಬೆರಳಿನ ಜಾಗ

ಒಂದು ಗಳಿಗೆ ಕೂತು ಕೇಳಿ, ಅರ್ಧಕ್ಕೇ ಎದ್ದು ಹೋಗಬೇಡಿ. ಸಾವಿನ ಮನೆಯ ಕತೆ ಅಂತ ಈಗಲೇ ಮುಖ ಸಿಂಡರಿಸಲೂ ಬೇಡಿ. ಅಷ್ಟು ನಗು ಕೇಳಿಸಿದ ಸಾವಿನ ಮನೆಯನ್ನು ಆ ಬೀದಿಯವರು ಯಾರೂ ಕಂಡಿರಲಿಲ್ಲ.

ಬೆಳಿಗ್ಗೆ ಎಂಟು ಗಂಟೆಗೆ ಮಗಳು ಮಂಚದ ಕೆಳಗೆ ತಲೆ ತೂರಿಸಿ ತಡಕಾಡುತ್ತಿದ್ದಳು.

"ಸಿಕ್ತಾ?" ಬಾಗಿಲಲ್ಲಿ ನಿಂತ ಚಿಕ್ಕಪ್ಪ ಕೇಳಿದ. ಅವನ ತೋಳಿನ ಮೇಲೆ ಇಸ್ತ್ರಿ ಮಾಡಿದ ಪ್ಯಾಂಟು.

"ಇಲ್ಲ. ಬೀರು, ಅಟ್ಟ, ಹಳೇ ಟ್ರಂಕು ಎಲ್ಲಾ ನೋಡಾಯ್ತು ಚಿಕ್ಕಪ್ಪ. ಅಪ್ಪನ ಹತ್ರ ಒಂದು ಬೆಲ್ಟೂ ಇಲ್ಲ!"

"ಈ ಪ್ಯಾಂಟು ಅವನ ಮದುವೇದು ಕಣೇ. ಆಗ ಹೊಟ್ಟೆ ಇತ್ತು. ಈಗ ಇದರೊಳಗೆ ಇಬ್ಬರು ಅಣ್ಣಂದಿರು ಹಿಡೀತಾರೆ."

ಕುರ್ಚಿಯಲ್ಲಿ ಕೂತಿದ್ದ ತಾಯಿ ಕಣ್ಣೊರೆಸಿಕೊಂಡು ಅಂದಳು: "ನಲವತ್ತು ವರ್ಷ ಊರಿನ ಕುದುರೆಗಳಿಗೆಲ್ಲ ಪಟ್ಟಿ ಹೊಲಿದ್ರು. ತಮ್ಮ ಸೊಂಟಕ್ಕೆ ಮಾತ್ರ ಹುರಿ. ಕೇಳಿದ್ರೆ, ಕುದುರೆಗಳದ್ದು ಮುಗೀಲಿ ತಡಿ ಅಂತಿದ್ರು."

"ಹಾಗೇ ಕಳಿಸಿದ್ರೆ ಮೇಲೆ ಹೋಗಿ ಒಂದು ಕೈಲಿ ಪ್ಯಾಂಟ್ ಹಿಡ್ಕೊಂಡು ನಿಲ್ಬೇಕಾಗತ್ತೆ ಅತ್ತಿಗೆ. ಲೆಕ್ಕ ಕೇಳೋರ ಮುಂದೆ ಏನು ಮರ್ಯಾದೆ?"

ತಾಯಿ ನಕ್ಕುಬಿಟ್ಟಳು. ಆಮೇಲೆ ನಕ್ಕಿದ್ದಕ್ಕೆ ಅತ್ತಳು. ಆಮೇಲೆ ಮತ್ತೆ ನಕ್ಕಳು.

"ನಾನೇ ಒಂದು ಹೊಲ್ಕೊಂಡು ಬರ್ತೀನಿ, ಹತ್ತು ನಿಮಿಷ," ಅಂತ ಮಗಳು ಮೆಟ್ಟಿಲಿಳಿದು ಕೆಳಗಿನ ಅಂಗಡಿಗೆ ಹೋದಳು.

ಅಂಗಡಿಯಲ್ಲಿ ಇನ್ನೂ ಅಪ್ಪನ ವಾಸನೆಯೇ: ಚರ್ಮ, ಮೇಣ, ತಣ್ಣಗಾದ ಟೀ. ಮೇಜಿನ ಮೇಲೆ ದಬ್ಬಳ ಪೋಣಿಸಿದ್ದು ಪೋಣಿಸಿದ ಹಾಗೇ ಇತ್ತು. ಒಂದು ಒಳ್ಳೆಯ ಚರ್ಮದ ತುಂಡಿಗಾಗಿ ಕೆಳಗಿನ ಸೆಳೆಖಾನೆ ಎಳೆದರೆ, ಚೂರುಗಳ ಅಡಿಯಲ್ಲಿ ಒಂದು ಬಿಸ್ಕತ್ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದಳು. ಒಳಗೆ ಗೇಣುದ್ದದ ಪಟ್ಟಿತುಂಡುಗಳು. ಪ್ರತಿಯೊಂದರಲ್ಲೂ ಐದೈದು ತೂತು, ಹಿಂದುಗಡೆ ಅಪ್ಪನ ಕೋಳಿಕಾಲಿನ ಅಕ್ಷರದಲ್ಲಿ ಒಂದೊಂದು ಕುದುರೆಯ ಹೆಸರು. ಮೇಲಿದ್ದದ್ದು 'ದೊರೆ'. ತಳದಲ್ಲಿದ್ದದ್ದು 'ಮಿಂಚು'. ಎಣಿಸಿದಳು, ಮೂವತ್ತೇಳು.

ದೊರೆಯ ಮೂತಿಪಟ್ಟಿ ದೊರೆಯ ಮೂತಿಯ ಮೇಲಲ್ಲವೇ ಇರಬೇಕು? ಮೊನ್ನೆ ತಾನೇ ಅವಳೇ ಅದನ್ನು ಐದನೇ ತೂತಿಗೆ ಬಿಗಿದಿದ್ದಳು!

ಅವಳು ಕೆಲಸ ಮಾಡುತ್ತಿದ್ದದ್ದು ಊರಾಚೆಯ ಸವಾರಿ ಶಾಲೆಯಲ್ಲಿ. ಅಲ್ಲಿ ಕಲಿಸುವುದು ಡ್ರೆಸಾಜ್, ಅಂದರೆ ಸವಾರ ಕಾಲಲ್ಲಿ ತುಸು ಸನ್ನೆ ಕೊಟ್ಟಷ್ಟಕ್ಕೇ ಕುದುರೆ ಕುಣಿದ ಹಾಗೆ ಹೆಜ್ಜೆ ಹಾಕುವ ಸ್ಪರ್ಧೆ. ಕುದುರೆ ಬಾಯಿ ತೆರೆದರೆ ಅಂಕ ಹೋಗುತ್ತದೆ. ಬಾಯಿ ತೆರೆಯದ ಹಾಗೆ ಮೂಗಿನ ಸುತ್ತ ಬಿಗಿಯುವುದೇ ಮೂತಿಪಟ್ಟಿ. ಶಾಲೆಯ ಕೋಚ್ ಗೆದ್ದಿದ್ದು ಹದಿನಾರು ಕಪ್. ಅವನ ಮಂತ್ರ ಒಂದೇ: "ಐದನೇ ತೂತು!" ಅವನು ಹಾಗೆ ಕಿರುಚುತ್ತ ಪಟ್ಟಿ ಜಗ್ಗಿಸುತ್ತಿದ್ದ ವಿಡಿಯೋ ಹೋದ ತಿಂಗಳು ಊರೂರು ತಿರುಗಿ, ಜನ ಛೀ ಥೂ ಅಂದಿದ್ದರು. ಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಷ್ಟು ಜಾಗ ಇರಲೇಬೇಕು ಅಂತ ನಿಯಮ ತರಬೇಕೋ ಬೇಡವೋ ಎಂದು ಸವಾರರ ಸಂಘ ಸೋಮವಾರ ಮತಕ್ಕೆ ಹಾಕುವುದಿತ್ತು. ಕೋಚ್ ಬೇಡ ಅಂದರೆ ಬೇಡ; ಅರ್ಧ ಸಂಘ ಅವನ ಶಿಷ್ಯರೇ.

ಗೋಡೆಯ ಮೊಳೆಯಲ್ಲಿ ರಿಪೇರಿ ಮುಗಿದ ಒಂದು ಮೂತಿಪಟ್ಟಿ ತೂಗುತ್ತಿತ್ತು. ಮಗಳು ಹಳೆಯ ತುಂಡನ್ನು ಅದರ ಪಕ್ಕ ಹಿಡಿದಳು. ಅದಕ್ಕೂ ಐದು ತೂತು, ಇದಕ್ಕೂ ಐದು. ಆದರೆ ಹೊಸದರ ತೂತುಗಳು ಹಳೆಯದಕ್ಕಿಂತ ಸರಿಯಾಗಿ ಎರಡು ಬೆರಳು ಆಚೆ, ತುದಿಯ ಕಡೆಗೆ ಶುರುವಾಗುತ್ತಿದ್ದವು. ಐದನೇ ತೂತಿಗೆ ಎಷ್ಟೇ ಬಿಗಿದರೂ ಒಳಗೆ ಜಾಗ ಉಳಿಯುತ್ತದೆ! ರಿಪೇರಿಗೆ ಬಂದ ಪ್ರತಿ ಪಟ್ಟಿಯ ತೂತಿನ ತುದಿ ಕತ್ತರಿಸಿ, ಅಪ್ಪ ಯಾರಿಗೂ ಹೇಳದೆ ಇಂಥ ಹೊಸ ತುದಿ ಹೊಲಿದುಕೊಟ್ಟಿದ್ದ.

ಬಾಗಿಲಲ್ಲಿ ತಾಯಿ ನಿಂತಿದ್ದಳು.

"ನಿಂಗೊತ್ತಿತ್ತಾ ಅಮ್ಮ?"

"ಅವರ ಗೊರಕೆ ಯಾವ ಮಗ್ಗುಲಿಗೆ ಬದಲಾಗತ್ತೆ ಅಂತಾನೂ ಗೊತ್ತು, ಇದು ಗೊತ್ತಿರಲ್ವಾ? ಮುಚ್ಚು ಡಬ್ಬಿ."

"ಇದು ತೋರಿಸಿದ್ರೆ ಸೋಮವಾರ ನಿಯಮ ಆಗೇ ಆಗತ್ತೆ ಅಮ್ಮ! ಬಿಗಿದಿದ್ದಕ್ಕೆ ಗೆದ್ದೆ ಅಂತಾನಲ್ಲ ಆ ಕೋಚ್, ಗೆದ್ದಿದ್ದೆಲ್ಲ ಸಡಿಲ ಪಟ್ಟೀಲಿ!"

"ಹೂಂ. ಜೊತೆಗೆ ನಿಮ್ಮಪ್ಪ ಗಿರಾಕಿಗಳಿಗೆ ಮೋಸ ಮಾಡ್ದ ಅಂತಾನೂ ಆಗತ್ತೆ. ಒಂದು ನೂಲು ಹೆಚ್ಚುಕಮ್ಮಿ ಮಾಡದ ಮನುಷ್ಯ ಅಂತ ಊರೆಲ್ಲ ಹೊಗಳ್ತಿದೆ. ಇವತ್ತೊಂದು ದಿನ ಆ ಹೆಸರು ಹೊತ್ಕೊಂಡು ಹೋಗ್ಲಿ ಬಿಡೇ."

ಮಗಳು ಡಬ್ಬಿ ಮುಚ್ಚಿದಳು. ಬೆಲ್ಟು ಹೊಲಿದಳು. ಡಬ್ಬಿಯನ್ನು ಮಾತ್ರ ವಾಪಸು ಸೆಳೆಖಾನೆಗೆ ಇಡಲಿಲ್ಲ, ಕೈಚೀಲಕ್ಕೆ ಹಾಕಿಕೊಂಡಳು.

* * *

ಹನ್ನೊಂದು ವರ್ಷದ ಹಿಂದಿನ ಮಾತು, ಅವಳಿಗೆ ಆಗ ಹನ್ನೆರಡು. ಹೊಸ ಮೂತಿಪಟ್ಟಿ ಕೊಡಲು ಅಪ್ಪ ಅವಳನ್ನೂ ಶಾಲೆಗೆ ಕರೆದುಕೊಂಡು ಹೋಗಿದ್ದ. ಅಂಗಳದಲ್ಲಿ ಕೋಚ್ ಮಿಂಚು ಅನ್ನುವ ಕಂದು ಕುದುರೆಯ ಮೇಲೆ ಕೂತು, ಅದರ ಗದ್ದ ಎದೆಗೆ ತಾಗುವ ಹಾಗೆ ಲಗಾಮು ಎಳೆದು ಹಿಡಿದಿದ್ದ. ಮಿಂಚುವಿನ ಕಣ್ಣು ಹೊರಳಿ ಬಿಳಿ ಕಾಣುತ್ತಿತ್ತು.

"ಸರ್, ಎರಡು ಬೆರಳು ಜಾಗ ಬಿಟ್ರೆ ಒಳ್ಳೇದು," ಅಂದ ಅಪ್ಪ.

"ನೀನು ಹೊಲಿ, ಸವಾರಿ ನಂಗೆ ಬಿಡು," ಅಂದ ಕೋಚ್. "ಇದಿನ್ನೂ ಸಡಿಲ ಆಯ್ತು. ಬಿಗಿ ಮಾಡ್ಕೊಂಡ್ ಬಾ."

ಅಪ್ಪ ಮನೆಗೆ ಬಂದವನೇ ಆ ಪಟ್ಟಿಯನ್ನು ತನ್ನ ದವಡೆಗೇ ಸುತ್ತಿ, ಐದನೇ ತೂತಿಗೆ ಬಿಗಿದು, ಊಟಕ್ಕೆ ಬಂದು ಕೂತ.

"ಅಯ್ಯೋ, ಹಲ್ಲು ನೋವಾ?" ಅಂದಳು ತಾಯಿ.

"ಮ್ಮ್ ಮ್ಮ್."

"ಲವಂಗ ಇಟ್ಕೊಳ್ಳೋದು ಬಿಟ್ಟು ಇದೇನಿದು ವೇಷ?"

"ಮ್ಮ್!"

ಹಾಲು ಕುಡಿಯಲು ಹೋದ. ಹಾಲೆಲ್ಲ ಗದ್ದದಿಂದ ಅಂಗಿಗೆ ಇಳಿಯಿತು. ಮಗಳು ನಕ್ಕೂ ನಕ್ಕೂ ಕುರ್ಚಿಯಿಂದ ಬಿದ್ದಳು. ಹತ್ತು ನಿಮಿಷ ಹಾಗೇ ಕೂತಿದ್ದು, ಆಮೇಲೆ ಅಪ್ಪ ಪಟ್ಟಿ ಬಿಚ್ಚಿ ಕೆಂಪಾದ ದವಡೆ ಸವರಿಕೊಂಡ.

"ನಂಗೇನೋ ಬಿಚ್ಕೊಳ್ಳಕ್ಕೆ ಕೈ ಇದೆ," ಅಂದ. ಅಷ್ಟೇ ಅಂದು ಕೆಳಗಿಳಿದು ದೀಪ ಹಾಕಿದ.

* * *

ಹನ್ನೊಂದಕ್ಕೆ ಬೀದಿ ತುಂಬಿತು. ಕೋಚ್ ಕುದುರೆ ಸಾಗಿಸುವ ವ್ಯಾನಿನಲ್ಲಿ ದೊರೆಯನ್ನೇ ಕರೆತಂದಿದ್ದ, ಶವಪೆಟ್ಟಿಗೆಯ ಹಿಂದೆ ನಡೆಸಿಕೊಂಡು ಹೋಗಲು. ಮೈಯೆಲ್ಲ ಮಿರಮಿರ ಮಿನುಗುತ್ತಿತ್ತು, ಪಟ್ಟಿ ಐದನೇ ತೂತಿನಲ್ಲಿತ್ತು.

ಮಗಳು ಅವನನ್ನು ವ್ಯಾನಿನ ಮರೆಗೆ ಕರೆದಳು. "ಸರ್, ಆ ಪಟ್ಟಿ ಒಳಗೆ ಬೆರಳು ಹಾಕಿ."

"ಇವತ್ತಾ? ನಿಮ್ಮಪ್ಪ ಅಲ್ಲಿ ಮಲಗಿರುವಾಗ ನಂಗೆ ಪಾಠ ಮಾಡ್ತೀಯಾ?"

"ಒಂದ್ಸಲ ಹಾಕಿ ಸರ್."

ಹಾಕಿದ. ಒಂದು ಬೆರಳು ಹೋಯಿತು. ಎರಡನೆಯದೂ ಆರಾಮಾಗಿ ಹೋಯಿತು. ಕೋಚ್ ಬಗ್ಗಿ ತೂತು ಎಣಿಸಿದ. ಮತ್ತೊಮ್ಮೆ, ಮುಟ್ಟಿ ಮುಟ್ಟಿ ಎಣಿಸಿದ. ಅವನಾಗಲಿ, ಅವನ ಶಿಷ್ಯರಾಗಲಿ, ಅವಳಾಗಲಿ, ಇಷ್ಟು ವರ್ಷ ಎಣಿಸಿದ್ದು ತೂತನ್ನೇ. ಬೆರಳು ಹಾಕಿ ನೋಡುವುದು ಆ ಶಾಲೆಯಲ್ಲಿ ಹೇಡಿಗಳ ಕೆಲಸ.

"ಚರ್ಮ ಹಿಗ್ಗಿರ್ಬೇಕು," ಅಂದ.

"ಹನ್ನೊಂದು ವರ್ಷದಿಂದ ಹಿಗ್ತಾ ಇದೆ ಸರ್. ಮೂವತ್ತೇಳು ಕುದುರೆಗೂ ಹಿಗ್ಗಿದೆ." ಅವಳು ಡಬ್ಬಿ ತೆರೆದಳು. "ನಿಮಗೆ ಮೊದಲನೇ ಕಪ್ ಬಂದಿದ್ದು ಯಾವ ಕುದುರೆ ಮೇಲೆ?"

"ಮಿಂಚು..."

"ತಳದಲ್ಲಿದೆ ನೋಡಿ. ಅದಕ್ಕೆ ಮುಂಚೆ ನಿಮಗೆ ಬರ್ತಿದ್ದಿದ್ದು ಮೂರನೇ ಸ್ಥಾನ ಅಲ್ವಾ?"

ಕೋಚ್ ವ್ಯಾನಿನ ಇಳಿಜಾರು ಹಲಗೆಯ ಮೇಲೆ ಕೂತ. ಬೈಯುತ್ತಾನೆ, ಕೆಲಸ ಹೋಯಿತು ಅಂದುಕೊಂಡಳು ಅವಳು. ಅವನು ಬೈಯಲಿಲ್ಲ. ದೊರೆಯ ಮೂತಿ ನೋಡಿದ, ಡಬ್ಬಿ ನೋಡಿದ.

"ಯಾರ್ಯಾರಿಗೆ ಗೊತ್ತು?"

"ಅಮ್ಮಂಗೆ. ನಂಗೆ. ಈಗ ನಿಮಗೆ."

"ಹೂಂ," ಅಂತ ಎದ್ದು ಕೋಟು ಕೊಡವಿಕೊಂಡ.

ಸ್ಮಶಾನದಲ್ಲಿ ಮೊದಲು ಮಾತಾಡಿದ್ದು ಅವನೇ. ಎದುರಿಗೆ ಸಂಘದ ಅಧ್ಯಕ್ಷೆ, ಸವಾರರು, ಲಾಯ ತೊಳೆಯುವವರು, ಪಕ್ಕದಂಗಡಿಯವರು ಎಲ್ಲ ಇದ್ದರು. ಗಂಟಲು ಸರಿಮಾಡಿಕೊಂಡು ಶುರುಮಾಡಿದ:

"ಈ ದಿನ ಸತ್ಯ ಹೇಳ್ಬೇಕು. ಹನ್ನೊಂದು ವರ್ಷದಿಂದ ನಾನು ಕುದುರೆಗಳನ್ನ ಕುಣಿಸ್ತಿರೋದು ಸಡಿಲ ಪಟ್ಟೀಲಿ. ಹೌದು! ಎದುರಾಳಿಗಳಿಗೆ ಗೊತ್ತಾಗ್ಬಾರ್ದು ಅಂತ ಹೊರಗೆ ಬಿಗಿ ಬಿಗಿ ಅಂತ ಕೂಗ್ತಿದ್ದೆ. ಆ ಗುಟ್ಟು ಗೊತ್ತಿದ್ದಿದ್ದು ಇಲ್ಲಿ ಮಲಗಿರೋ ಇವರೊಬ್ಬರಿಗೇ. ನಾನು ಹೇಳಿದ ಅಳತೆಗೆ ಒಂದು ನೂಲು ತಪ್ಪದೆ ಹೊಲಿದ ಪುಣ್ಯಾತ್ಮ!"

ಜನ ಹೋ ಅಂದರು. ಒಬ್ಬ ಹೋಗಿ ದೊರೆಯ ಪಟ್ಟಿಗೆ ಬೆರಳು ಹಾಕಿ, "ಹೌದ್ರೀ, ಎರಡೂ ಹೋಗತ್ತೆ!" ಅಂತ ಕೂಗಿದ. ಸ್ಮಶಾನ ಅನ್ನುವುದನ್ನೂ ಮರೆತು ಚಪ್ಪಾಳೆ ತಟ್ಟಿದರು. ಅಧ್ಯಕ್ಷೆ ಮೂಗೊರೆಸಿಕೊಳ್ಳುತ್ತ, "ಹಾಗಾದ್ರೆ ಸೋಮವಾರ ಆ ನಿಯಮಾನ ನೀವೇ ಮಂಡಿಸಿ," ಅಂದಳು.

"ಅದಕ್ಕೇನಂತೆ, ಆಗ್ಲಿ," ಅಂದ ಕೋಚ್, ದೊಡ್ಡ ಮನಸ್ಸು ಮಾಡಿದವನ ಹಾಗೆ.

ಚಿಕ್ಕಪ್ಪನಿಗೆ ದಾರಿಯಲ್ಲಿ ಮಗಳೇ ಡಬ್ಬಿಯ ವಿಷಯ ಹೇಳಿದ್ದಳು. "ನೋಡಿದ್ಯಾ? ನಮ್ಮಣ್ಣನ್ನ ಇನ್ನೂ ಹೂತಿಲ್ಲ, ಆಗ್ಲೇ ದೋಚ್ಬಿಟ್ಟ! ಡಬ್ಬಿ ತೆಗಿಯೇ, ಎಲ್ಲರ ಮುಂದೆ ಸುರಿ!" ಅಂತ ಅವಳ ಬಲಗಿವಿಯಲ್ಲಿ ಊದಿದ.

"ಸುಮ್ನಿರಿ ನೀವು," ಅಂತ ತಾಯಿ ಎಡಗಿವಿಯಲ್ಲಿ. "ಕುದುರೆಗೂ ಒಳ್ಳೇದಾಯ್ತು, ಅವರ ಹೆಸರೂ ಉಳೀತು. ಸುರಿದ್ರೆ ಇವನು ಸೋಮವಾರ ಉಲ್ಟಾ ಹೊಡೀತಾನೆ. ನುಂಗ್ಕೋ ಮಗಳೇ."

ಮುಂದಿನ ಮಾತು ಮಗಳದೇ. ಅವಳು ಕೈಚೀಲ ಅವುಚಿಕೊಂಡು ಮುಂದೆ ಬಂದಳು. ಕೋಚಿನ ಹಣೆಯಲ್ಲಿ ಬೆವರು ಸಾಲುಗಟ್ಟಿತು.

"ನಮ್ಮಪ್ಪ ಎಂಥೋರು ಅಂತ ನಿಮಗೆಲ್ಲ ಗೊತ್ತು," ಅಂದಳು. "ಸೊಂಟಕ್ಕೆ ಹುರಿ ಕಟ್ಕೊಂಡಿದ್ರು, ಕುದುರೆಗೆ ಮಾತ್ರ ಒಳ್ಳೇ ಚರ್ಮಾನೇ ಹಾಕ್ತಿದ್ರು. ಸರ್ ಹೇಳಿದ್ರಲ್ಲ ಗುಟ್ಟು, ಅದರಲ್ಲಿ ಇನ್ನೂ ಅರ್ಧ ಕತೆ ಇದೆ."

ತಾಯಿ ಬೇಡ ಬೇಡ ಅಂತ ತಲೆಯಾಡಿಸಿದಳು. ಚಿಕ್ಕಪ್ಪ ತುದಿಗಾಲಲ್ಲಿ ನಿಂತ.

"ಅದು ಇವತ್ತು ಬೇಡ. ಸೋಮವಾರ ಸರ್ ಎದ್ದು ನಿಂತು ನಿಯಮ ಮಂಡಿಸ್ಲಿ. ಅದು ಪಾಸಾಗ್ಲಿ, ಬರವಣಿಗೇಲಿ ಬರಲಿ, ಸಹಿ ಬೀಳಲಿ. ಮಂಗಳವಾರ ಬೆಳಿಗ್ಗೆ ಎಲ್ಲರೂ ನಮ್ಮಂಗಡಿಗೆ ಟೀಗೆ ಬನ್ನಿ. ಸರ್, ನೀವೂ ಬರ್ಬೇಕು. ನಿಮ್ಮನ್ನ ಬಿಟ್ಟು ಆ ಕತೆ ಹೇಳಕ್ಕಾಗಲ್ಲ."

ಎಲ್ಲರೂ ಕೋಚಿನ ಕಡೆ ತಿರುಗಿದರು. ಅವನು ನಗಲು ನೋಡಿದ. ಬಾಯಿ ತೆರೆಯಿತು, ನಗು ಬರಲಿಲ್ಲ. ಆಗ ಅವನ ಬೆನ್ನ ಹಿಂದೆ ದೊರೆ ಕತ್ತು ನೀಳ ಮಾಡಿ, ಕಣ್ಣು ಮುಚ್ಚಿ, ಮೇಲಿನ ಹಲ್ಲು ಕೆಳಗಿನ ಹಲ್ಲು ಒಂದೂ ಬಿಡದೆ ತೋರಿಸಿ, ಗುಲಾಬಿ ನಾಲಿಗೆ ಪಕ್ಕಕ್ಕೆ ಚಾಚಿ, ಸಾವಕಾಶವಾಗಿ ಆಕಳಿಸಿತು. ಅಧ್ಯಕ್ಷೆಗೆ ಮೊದಲು ನಗು ಬಂತು. ಆಮೇಲೆ ಗುದ್ದಲಿ ಹಿಡಿದು ನಿಂತಿದ್ದವನಿಗೆ. ಆಮೇಲೆ ತಾಯಿಗೆ.

ಸೋಮವಾರ ನಿಯಮ ಪಾಸಾಯಿತು, ಒಂದು ಮತವೂ ವಿರುದ್ಧ ಬೀಳಲಿಲ್ಲ. ಮಂಗಳವಾರ ಅಂಗಡಿ ತುಂಬ ಜನ, ಮೂಲೆಯ ಸ್ಟೂಲಿನ ಮೇಲೆ ಕೋಚ್, ಮೇಜಿನ ಮೇಲೆ ಡಬ್ಬಿ, ಟೀ ಕೊಡುತ್ತ ಮಗಳನ್ನೇ ನೋಡುತ್ತಿದ್ದ ತಾಯಿ. ಹೇಳಿ ನೋಡೋಣ, ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ, ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಿರಾ?