ರೆಕ್ಸಿನ್ ಚೀಲದೊಳಗಿನ ದನಿ

"ತಾತನ ದನಿ ದಪ್ಪ ಇತ್ತಾ ಅಜ್ಜಿ, ಸಣ್ಣ ಇತ್ತಾ?"

ಹೊಲಿಗೆ ಯಂತ್ರದ ಪಕ್ಕ ಗುಂಡಿಗಳ ಡಬ್ಬಿ ಸುರುವಿಕೊಂಡು ಕೂತಿದ್ದ ಮೊಮ್ಮಗಳು ಹೀಗೆ ಕೇಳಿದಳು. ಪೆಡಲು ತುಳಿಯುತ್ತಿದ್ದ ಟೈಲರಮ್ಮನ ಕಾಲು ಹಾಗೇ ನಿಂತಿತು. ಅರ್ಧ ಹೊಲಿದ ಸ್ಕೂಟರ್ ಸೀಟಿನ ಕವರು ಸೂಜಿಯ ಕೆಳಗೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು.

"ಈಗ್ಯಾಕೇ ಆ ಮಾತು?"

"ನಂಗೆ ನೆನಪೇ ಇಲ್ಲ. ನಾನು ಆವಾಗ ಸಣ್ಣೋಳು."

ಈಗ ಅವಳಿಗೆ ಭರ್ತಿ ಐದು ವರ್ಷ! ಅಜ್ಜಿ ಹೋದಲ್ಲೆಲ್ಲ ಹಿಂದೆ ಹಿಂದೆಯೇ ಹೋಗುವುದರಿಂದ ಬೀದಿಯವರು ಅವಳಿಗೆ ಬಾಲಂಗೋಚಿ ಎಂದು ಹೆಸರಿಟ್ಟಿದ್ದರು.

ಅಂಗಡಿಯ ಇನ್ನೊಂದು ಮೂಲೆಯಲ್ಲಿ, ಕತ್ತರಿಸುವ ಕರಿ ಮೇಜಿನ ಮುಂದೆ ತಾತ ನಿಂತಿದ್ದರು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಜೀವ ಉಳಿದಿತ್ತು, ದನಿ ಹೋಗಿತ್ತು. ಅಂದಿನಿಂದ ಅವರ ಮಾತೆಲ್ಲ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ, ಆ ಕರಿ ಮೇಜಿನ ಮೇಲೆ. ಮೊಮ್ಮಗಳ ಪ್ರಶ್ನೆ ಕೇಳಿದ್ದೇ ದೊಡ್ಡಕ್ಷರದಲ್ಲಿ ಬರೆದರು: 'ಗುಡುಗು.'

"ಗುಡುಗಂತೆ ಗುಡುಗು!" ಟೈಲರಮ್ಮ ಮೂಗು ಮುರಿದಳು. "ಎಣ್ಣೆ ಕಾಣದ ಬಾಗಿಲು ತೆಗೆದ ಹಾಗಿತ್ತು ಕಣೇ ನಿಮ್ಮ ತಾತನ ದನಿ."

ತಾತನ ಭುಜ ಕುಣಿಯಿತು. ಅವರು ಈಗ ನಗುವುದು ಹಾಗೆ.

"ಹಾಗಾದ್ರೆ ಕೇಳಿಸು. ಪೆಟ್ಟಿಗೇಲಿ ಇದೆಯಂತಲ್ಲ? ಅಮ್ಮ ಹೇಳಿದ್ಲು."

ಪೆಟ್ಟಿಗೆಯಲ್ಲಿ ಇದ್ದದ್ದು ನಿಜ. ಗಿರಾಕಿಯ ಅಳತೆ ತೆಗೆಯುವಾಗ ಎರಡು ಕೈಯಲ್ಲೂ ಟೇಪು ಇರುತ್ತದೆ, ಬರೆದುಕೊಳ್ಳಲು ಮೂರನೆಯ ಕೈ ಎಲ್ಲಿಂದ ತರುವುದು? ಅದಕ್ಕೆಂದೇ ತಾತ ಅಂಗೈಯಗಲದ ಒಂದು ಟೇಪ್ ರೆಕಾರ್ಡರನ್ನು ಕೊರಳಿಗೆ ತೂಗುಹಾಕಿಕೊಂಡು, ಎದೆ ಇಷ್ಟು, ತೋಳು ಇಷ್ಟು ಎಂದು ಅದಕ್ಕೆ ಹೇಳುತ್ತಿದ್ದರು. ಆ ರೆಕಾರ್ಡರನ್ನು ಟೈಲರಮ್ಮ ಎರಡು ವರ್ಷದಿಂದ ಮುಟ್ಟಿರಲಿಲ್ಲ.

"ಅದನ್ನ ಮುಟ್ಟೋ ಹಾಗಿಲ್ಲ ಪುಟ್ಟಾ. ಒಳಗೆ ಬ್ಯಾಟರಿ ಇದೆ."

ಅಷ್ಟು ಹೊತ್ತಿಗೆ ಪ್ಯಾಂಟೊಂದನ್ನು ಹೆಗಲ ಮೇಲೆ ಹಾಕಿಕೊಂಡು ಇಕ್ಕಳಮ್ಮ ಒಳಗೆ ಬಂದಳು. ಎದುರು ಸಾಲಿನಲ್ಲಿ ರೇಡಿಯೋ, ರಿಮೋಟು, ಗಡಿಯಾರ ರಿಪೇರಿ ಮಾಡುವವಳು. ಪುಟ್ಟ ಇಕ್ಕಳವೊಂದು ಸದಾ ಅವಳ ತುರುಬಿನಲ್ಲೇ ಇರುತ್ತಿದ್ದುದರಿಂದ ಆ ಹೆಸರು.

"ಬ್ಯಾಟರಿ ಇದ್ರೆ ಏನಂತೆ? ಹಾವಿದೆ ಅನ್ನೋ ಹಾಗೆ ಹೇಳ್ತೀರಲ್ಲ!"

"ನಿಂಗೇನಮ್ಮ, ದಿನಾ ಅದರ ಜೊತೇಲೇ ಸಂಸಾರ. ನಂಗೆ ಗೊತ್ತು ಅದರ ಬಿಸಿ."

ಟೈಲರಮ್ಮನ ಭಯ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಹಿಂದೊಮ್ಮೆ ಬೀರುವಿನಲ್ಲಿದ್ದ ಹಳೆಯ ಟಾರ್ಚು ತೆಗೆದಾಗ ಒಳಗೆಲ್ಲ ಬಿಳಿ ಬಿಳಿ ಪುಡಿ, ಅಂಟು ಅಂಟು ನೀರು. ಏನಿದು ಎಂದು ಬೆರಳಲ್ಲಿ ಒರೆಸಿದಳು. ಅದೇ ಬೆರಳಲ್ಲಿ ಕಣ್ಣುಜ್ಜಿಕೊಂಡಳು. ಕಣ್ಣಿಗೆ ಕೆಂಡ ಇಟ್ಟಂತಾಗಿ ಆಸ್ಪತ್ರೆಗೆ ಓಡಬೇಕಾಯಿತು. ಒಂದು ವಾರ ಸೂಜಿಗೆ ದಾರ ಪೋಣಿಸಲು ಆಗಿರಲಿಲ್ಲ. ಹೊಲಿಯುವವಳಿಗೆ ಕಣ್ಣು ಹೋದರೆ ಇನ್ನೇನು ಉಳಿಯಿತು?

ಅಂದಿನಿಂದ ಟಿವಿ ರಿಮೋಟಿಗೆ ಕೈಗವಸು ಹಾಕಿಕೊಂಡೇ ಕೈ ಹಾಕುತ್ತಿದ್ದಳು. ಗೋಡೆ ಗಡಿಯಾರದ ಸೆಲ್ಲನ್ನು ಮಗಳ ಕೈಲಿ ಕೀಳಿಸಿದ್ದರಿಂದ ಆ ಅಂಗಡಿಯಲ್ಲಿ ಯಾವಾಗಲೂ ನಾಲ್ಕು ಹತ್ತು. ಇನ್ನು ಟಾರ್ಚು, ಕಿಸೆ ರೇಡಿಯೋ, ಮಗಳು ಚಿಕ್ಕಂದಿನಲ್ಲಿ ಆಡುತ್ತಿದ್ದ ಸೆಲ್ಲಿನ ವಿಡಿಯೋ ಗೇಮು, ತಾತನ ರೆಕಾರ್ಡರು, ಇವನ್ನೆಲ್ಲ ಏನು ಮಾಡಿದಳು ಅಂತೀರಾ? ಸೀಟು ಕವರಿನಲ್ಲಿ ಉಳಿದ ರೆಕ್ಸಿನ್ ತುಂಡಿನಲ್ಲಿ ಒಂದೊಂದಕ್ಕೂ ಚೀಲ ಮಾಡಿ, ಒಳಗಿಟ್ಟು, ನಾಲ್ಕೂ ಕಡೆ ಎರಡೆರಡು ಸುತ್ತು ಹೊಲಿದುಬಿಟ್ಟಳು. ವಿಷ ಹೊರಗೆ ಬರಬಾರದಲ್ಲ!

ಟೈಲರಮ್ಮನ ಬಾಯಿಂದಲೇ ಇದನ್ನೆಲ್ಲ ಕೇಳಿ ಇಕ್ಕಳಮ್ಮ ಹಣೆ ಹಣೆ ಬಡಿದುಕೊಂಡಳು.

"ಸೆಲ್ಲು ತೆಗೆದು ಹೊಲಿದ್ರಾ, ಇಟ್ಟೇ ಹೊಲಿದ್ರಾ?"

"ತೆಗೆಯೋಕೆ ಮುಟ್ಟಬೇಕಲ್ಲ!"

"ಅಯ್ಯೋ ನನ್ನ ತಾಯಿ! ಹೆದರಿದ್ದು ತಪ್ಪಲ್ಲ, ಕಣ್ಣು ಉರಿದಿದ್ದು ಸುಳ್ಳಲ್ಲ. ಆದ್ರೆ ಕಳ್ಳನ್ನ ಮನೆಯೊಳಗೇ ಬಿಟ್ಟು ಹೊರಗಿಂದ ಚಿಲಕ ಹಾಕಿದ ಹಾಗಾಯ್ತು ನೀವು ಮಾಡಿದ್ದು. ಸೆಲ್ಲು ಬಳಸದೆ ಒಳಗೇ ಇದ್ರೇನೇ ಸೋರೋದು ಹೆಚ್ಚು. ಕೊಡಿ ಇಲ್ಲಿ, ಬಿಚ್ಚೋಣ."

"ಬೇಡ."

"ಎದ್ದು ಬಂದು ಕಚ್ಚಲ್ಲ ಟೈಲರಮ್ಮ, ಅದಕ್ಕೆ ಕೈಕಾಲಿಲ್ಲ."

"ಬೇಡ ಅಂದ್ನಲ್ಲ." ಟೈಲರಮ್ಮನ ದನಿ ಇಳಿಯಿತು. ಗಂಡನ ಕಡೆ ನೋಡದೆಯೇ ಹೇಳಿದಳು. "ಬಿಚ್ಚಿದಾಗ ಒಳಗೆಲ್ಲ ಸೋರಿ, ಅವರ ದನಿ ಕರಗಿ ಹೋಗಿದ್ರೆ? ಬಿಚ್ಚದಿದ್ರೆ ಇದೆ ಅಂದ್ಕೊಂಡಾದ್ರೂ ಇರ್ತೀನಿ."

ತಾತನ ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆ ನಿಂತಿತ್ತು. ಹೆಂಡತಿಯ ಈ ಮಾತು ಅವರೂ ಕೇಳಿದ್ದು ಅದೇ ಮೊದಲು.

ಆಗಲೇ ಬಾಲಂಗೋಚಿ ಅಂಗೈ ಚಾಚಿಕೊಂಡು ಬಂದಳು. "ಅಜ್ಜಿ, ಈ ಗುಂಡಿಗೆ ತೂತೇ ಇಲ್ಲ! ದಾರ ಹೇಗೆ ಪೋಣಿಸ್ಲಿ?"

ಅವಳ ಅಂಗೈಯಲ್ಲಿ ನುಣುಪಾದ, ಫಳಫಳ ಹೊಳೆಯುವ ಒಂದು ಬಿಲ್ಲೆ. ಹಾವಿಗೂ ಹೆದರದ ಇಕ್ಕಳಮ್ಮನ ಮುಖ ಅದನ್ನು ಕಂಡದ್ದೇ ಬಿಳಿಚಿಕೊಂಡಿತು. ಒಂದೇ ನೆಗೆತಕ್ಕೆ ಬಂದು ಅದನ್ನು ಕಸಿದುಕೊಂಡಳು.

"ಬಾಯಿಗೆ ಹಾಕ್ಕೊಂಡಿದ್ಯಾ? ನಿಜ ಹೇಳು ಕಂದಾ. ಇಂಥದ್ದು ಇನ್ನೊಂದು ಇತ್ತಾ?"

"ಇಲ್ಲಪ್ಪ. ಒಂದೇ."

"ಅದು ಕ್ಯಾಲ್ಕುಲೇಟರಿಂದು," ಟೈಲರಮ್ಮ ತೊದಲಿದಳು. "ಅವತ್ತು ಮಗಳು ತೆಗೆದುಕೊಟ್ಲು. ಅದು ಸೋರೋ ಥರ ಕಾಣಲಿಲ್ಲ. ಗುಂಡಗಿತ್ತು, ಗುಂಡಿ ಡಬ್ಬಿಗೆ ಹಾಕ್ದೆ."

"ಟೈಲರಮ್ಮ, ನೀವು ಹೆದರಬೇಕಾಗಿದ್ದು ಇದಕ್ಕೆ. ಇಂಥ ಗುಂಡಿ ಸೆಲ್ಲನ್ನ ಮಗು ನುಂಗಿದ್ರೆ ಎರಡೇ ಗಂಟೇಲಿ ಗಂಟಲು ಒಳಗಿಂದ ಸುಟ್ಟುಹೋಗಬಹುದು. ಬೆಳಗ್ಗೆ ನೋಡೋಣ ಅನ್ನೋ ಹಾಗಿಲ್ಲ, ವಾಂತಿ ಮಾಡಿಸೋ ಹಾಗಿಲ್ಲ, ಹಾಗೇ ಎತ್ಕೊಂಡು ಆಸ್ಪತ್ರೆಗೆ ಓಡಬೇಕು. ನುಂಗಿದ್ಯೋ ಇಲ್ವೋ ಅಂತ ಅನುಮಾನ ಬಂದ್ರೂ ಓಡಬೇಕು."

ಗಂಟಲು ಅಂದರೆ ಏನೆಂದು ಆ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾತ ಬಂದು ಮೊಮ್ಮಗಳನ್ನು ಎತ್ತಿಕೊಂಡರು. ಟೈಲರಮ್ಮ ಡಬ್ಬಿಯನ್ನು ಬಟ್ಟೆಯ ಮೇಲೆ ಕವುಚಿ, ಒಂದೊಂದು ಗುಂಡಿಯನ್ನೂ ಹೊರಳಿಸಿ ನೋಡಿದಳು. ಇಕ್ಕಳಮ್ಮ ಆ ಬಿಲ್ಲೆಗೆ ಎರಡೂ ಕಡೆ ಅಂಟುಪಟ್ಟಿ ಸುತ್ತಿ ಜೇಬಿಗೆ ಹಾಕಿಕೊಂಡಳು.

"ಸರಿಯಾಗಿ ಗೊತ್ತಿಲ್ಲದೆ ಹೆದರಿದ್ರೆ ಹೀಗೇ ನೋಡಿ. ಸುಮ್ಮನಿದ್ದಿದ್ದನ್ನ ಕಟ್ಟಿಹಾಕಿದ್ರಿ, ಅಪಾಯದ್ದನ್ನ ಮಗು ಕೈಗೆ ಕೊಟ್ರಿ."

ಟೈಲರಮ್ಮ ಗುಂಡಿಗಳನ್ನು ಮತ್ತೆ ಡಬ್ಬಿಗೆ ತುಂಬತೊಡಗಿದಳು. ಹಿಂದೆ 'ಟಕ್ ಟಕ್' ಎಂದು ಸದ್ದಾಯಿತು. ತಾತ ಮೇಜು ಕುಟ್ಟುತ್ತಿದ್ದರು. ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಒಂದೇ ಮಾತು: 'ಬಿಚ್ಚು.' ಅವಳು ಕದಲದಿದ್ದುದನ್ನು ಕಂಡು ಅದರ ಕೆಳಗೆ ಇನ್ನೊಂದು ಸಾಲು ಬರೆದರು: 'ಹೋಗಿದ್ರೆ ಹೋಯ್ತು. ನಾನಿದ್ದೀನಲ್ಲ.'

ಟೈಲರಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು ಪೆಟ್ಟಿಗೆ ತೆಗೆದಳು.

ಇಕ್ಕಳಮ್ಮ ಕಿಟಕಿ ತೆರೆಸಿದಳು. ಮೇಜಿಗೆ ಹಳೇ ಪೇಪರು ಹಾಸಿದಳು. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ತರಿಸಿ, "ಹಾಕ್ಕೊಳ್ಳಿ. ಕನ್ನಡಕಾನೂ ಇರ್ಲಿ. ಮಾಡೋರು ನೀವೇ, ನಾನು ಹೇಳ್ತೀನಿ" ಎಂದಳು.

"ನಾನಾ?"

"ಮತ್ತೆ? ನಾಳೆ ನಾನು ಊರಿಗೆ ಹೋದ್ರೆ ಮತ್ತೆ ಹೊಲಿದು ಇಡ್ತೀರಾ?"

ಎರಡು ಸುತ್ತಿನ ಹೊಲಿಗೆ! ತಾನು ಹಾಕಿದ ಹೊಲಿಗೆ ಬಿಚ್ಚಲು ತನಗೇ ಹತ್ತು ನಿಮಿಷ ಹಿಡಿಯಿತು. "ಎಂಥ ಗಟ್ಟಿ ಕೆಲಸ ಮಾಡ್ತೀರಿ ಮಾರಾಯ್ರೆ!" ಎಂದಳು ಇಕ್ಕಳಮ್ಮ. ಟೈಲರಮ್ಮ ರೆಕಾರ್ಡರಿನ ಹಿಂದಿನ ಮುಚ್ಚಳ ಸರಿಸಿದಳು. ಎರಡು ಸೆಲ್ಲಿನಲ್ಲಿ ಒಂದು ಚೆನ್ನಾಗಿತ್ತು. ಇನ್ನೊಂದರ ತುದಿಗೆ ಬೂಷ್ಟು ಹಿಡಿದಂತೆ ಬಿಳಿಪುಡಿ, ಸ್ಪ್ರಿಂಗಿನ ಸುತ್ತ ಹಸಿರು ಕಿಲುಬು.

"ಹೋಯ್ತು. ನಾನು ಹೇಳ್ಲಿಲ್ವಾ?"

"ಏನೂ ಹೋಗಿಲ್ಲ. ದನಿ ಇರೋದು ಕ್ಯಾಸೆಟ್ಟಿನ ಟೇಪಿನಲ್ಲಿ, ಸೆಲ್ಲಿನಲ್ಲಲ್ಲ. ಅದು ಆ ಕಡೆ ಮನೆ, ಇದು ಈ ಕಡೆ ಮನೆ, ನಡುವೆ ಗೋಡೆ ಇದೆ ನೋಡಿ. ಸೆಲ್ಲನ್ನ ಮೆಲ್ಲಗೆ ಪೇಪರಿನ ಮೇಲೆ ಬೀಳಿಸಿ. ಪುಡಿ ಊದಬೇಡಿ. ಈಗ ಹತ್ತಿ ಸುತ್ತಿದ ಕಡ್ಡೀನ ನಿಂಬೆರಸದಲ್ಲಿ ಅದ್ದಿ, ಬಿಳಿ ಇರೋ ಕಡೆ ಒತ್ತಿ."

ಒತ್ತಿದಾಗ 'ಸುಂಯ್' ಎಂದು ಸಣ್ಣಗೆ ನೊರೆ ಬಂತು. ಟೈಲರಮ್ಮ ಮಾರು ದೂರ ಹಾರಿದಳು. ಬಾಲಂಗೋಚಿ, "ಅಜ್ಜೀ, ಅದು ಸೋಡಾ ಥರ!" ಎಂದು ತಾತನ ಹೆಗಲ ಮೇಲಿಂದಲೇ ಕೂಗಿದಳು.

"ಈ ಸೆಲ್ಲಿಂದ ಬರೋದು ಸುಡೋ ಖಾರದ ಕ್ಷಾರ. ಹುಳಿ ತಾಗಿದ್ರೆ ಅದರ ಜೋರು ಇಳಿಯುತ್ತೆ. ಆದ್ರೆ ನೆನಪಿರ್ಲಿ, ನಿಂಬೆ ಬರೀ ಯಂತ್ರಕ್ಕೆ. ನಿಮ್ಮ ಮೈಗೆ ತಾಗಿದ್ರೆ, ಕಣ್ಣಿಗೆ ಬಿದ್ರೆ ನೀರು, ಬರೀ ನೀರು. ನಲ್ಲಿ ಬಿಟ್ಟುಕೊಂಡು ಕಾಲು ಗಂಟೆ ತೊಳೀರಿ. ಕಣ್ಣಾದ್ರೆ ತೊಳೆದ ಮೇಲೆ ಡಾಕ್ಟರ ಹತ್ರ ಹೋಗಿ."

ಮೂರು ಕಡ್ಡಿ ಕರಿದಾದವು. ಒಣ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟರು. ಕಿಲುಬನ್ನು ಉಗುರು ಉಜ್ಜುವ ಅರದಿಂದ ಕೆರೆದರು. ಟೈಲರಮ್ಮ ಇಕ್ಕಳಮ್ಮನ ಅಂಗಡಿಯಿಂದ ಬಂದ ಹೊಸ ಸೆಲ್ಲು ಒಂದು ಹಾಕಿ, ಮೊದಲಿನ ಒಳ್ಳೆಯ ಸೆಲ್ಲು ದಂಡ ಯಾಕೆ ಎಂದು ಅದನ್ನೇ ಜೊತೆಗೆ ಸೇರಿಸಿ, ಕಣ್ಣು ಮುಚ್ಚಿ ಗುಂಡಿ ಒತ್ತಿದಳು.

"ಮ್ಮ್ಮ್... ವ್ವ್ವ... ತ್ತ್ತ..."

ಬಾವಿಯೊಳಗಿಂದ ಎಮ್ಮೆ ಆಕಳಿಸಿದಂತೆ ಏನೋ ಬಂತು. ಬಾಲಂಗೋಚಿ ತಾತನ ಮುಖವನ್ನೇ ನೋಡಿದಳು. "ತಾತ, ನೀನು ರಾಕ್ಷಸ ಆಗಿದ್ಯಾ?"

ತಾತನ ಭುಜ ಮತ್ತೆ ಕುಣಿಯಿತು. ಟೈಲರಮ್ಮನ ಮುಖ ಮಾತ್ರ ಸಪ್ಪಗಾಯಿತು.

"ಯಾರು ಹೇಳಿದ್ದು ನಿಮಗೆ ಹಳೇದು ಹೊಸದು ಜೋಡಿ ಹಾಕಿ ಅಂತ?" ಇಕ್ಕಳಮ್ಮ ಗದರಿದಳು. "ಒಂದು ಓಡುತ್ತೆ, ಇನ್ನೊಂದು ಎಳೆದಾಡುತ್ತೆ. ಕಡೆಗೆ ಹಳೇದೇ ಮೊದಲು ಸೋರೋದು. ಹಾಕಿದ್ರೆ ಎರಡೂ ಹೊಸದು, ಒಂದೇ ಜಾತೀದು."

ಎರಡೂ ಹೊಸದು ಹಾಕಿದರು. ಟೈಲರಮ್ಮ ಮತ್ತೊಮ್ಮೆ ಒತ್ತಿದಳು.

"...ಬೇಕರಿಯವರು. ತೋಳು ಇಪ್ಪತ್ತನಾಲ್ಕು. ಎದೆ ನಲವತ್ತು. ಹೊಟ್ಟೆ... ಉಸಿರು ಬಿಡಿ ಸ್ವಾಮಿ, ಎಷ್ಟು ಹೊತ್ತು ಒಳಗೆ ಎಳ್ಕೊಂಡಿರ್ತೀರಾ? ಹಾಂ. ನಲವತ್ತಾರು. ಏನೇ, ಟೀ ಇಡ್ತೀಯಾ? ಇವರಿಗೂ ಸೇರಿಸಿ!"

"ಇಟ್ಟೆ ರೀ, ಬಂದೆ!" ಎಂದು ಟೈಲರಮ್ಮ ಎದ್ದೇಬಿಟ್ಟಳು. ಎರಡು ಹೆಜ್ಜೆ ಹೋದಮೇಲೆ ಅವಳಿಗೆ ತಾನು ಯಾರಿಗೆ ಉತ್ತರ ಕೊಟ್ಟೆನೆಂದು ಗೊತ್ತಾಗಿದ್ದು. ತಿರುಗಿ ನೋಡಿದರೆ ಗಂಡ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು, ಕಣ್ಣು ತುಂಬಿತ್ತು, ಭುಜ ಕುಣಿಯುತ್ತಿತ್ತು.

"ಅಜ್ಜಿ ಹೇಳಿದ್ದೇ ನಿಜ!" ಬಾಲಂಗೋಚಿ ತೀರ್ಪು ಕೊಟ್ಟಳು. "ಬಾಗಿಲೇ!"

"ಮೊದಲು ಇದನ್ನ ಫೋನಿಗೂ ಇಳಿಸಿಟ್ಕೊಳ್ಳೋಣ," ಎಂದಳು ಇಕ್ಕಳಮ್ಮ, ತುರುಬು ಸರಿಮಾಡಿಕೊಳ್ಳುವ ನೆಪದಲ್ಲಿ ಅತ್ತ ತಿರುಗಿ. "ಟೇಪಿಗೂ ವಯಸ್ಸಾಗುತ್ತೆ."

"ಇಳಿಸು. ಅಷ್ಟರಲ್ಲಿ ನಿಜವಾಗ್ಲೂ ಟೀ ಇಡ್ತೀನಿ," ಎಂದು ಟೈಲರಮ್ಮ ಒಳಗೆ ಹೋದಳು.

ಆ ಟೀ ಕುದಿಯುವಷ್ಟರಲ್ಲಿ ನಿಮ್ಮ ಹತ್ತಿರ ಒಂದು ಮಾತು. ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥದೊಂದು ಪೆಟ್ಟಿಗೆಯೋ ಮೂಲೆಗುಂಪಾದ ಡ್ರಾಯರೋ ಇದ್ದೇ ಇರುತ್ತದೆ. ಇವತ್ತೇ ತೆಗೆದು ನೋಡಿ. ತಿಂಗಳುಗಟ್ಟಲೆ ಬಳಸದ ಸಾಮಾನಿನಿಂದ ಸೆಲ್ಲು ತೆಗೆದು ಬೇರೆ ಇಡಿ. ಸೋರಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಹಾಗೆಂದು ಬಿಟ್ಟು ಓಡಲೂಬೇಡಿ, ಇಕ್ಕಳಮ್ಮ ಹೇಳಿಕೊಟ್ಟ ಹಾಗೆ ಮಾಡಿ. ಗುಂಡಿ ಸೆಲ್ಲು ಮಕ್ಕಳ ಕೈಗೆ, ಕಣ್ಣಿಗೆ ಬೀಳದಿರಲಿ. ಫೋನಿನ ಚಪ್ಪಟೆ ಬ್ಯಾಟರಿ ಊದಿಕೊಂಡಿದ್ದರೆ ಅದರ ದಾರಿಯೇ ಬೇರೆ: ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ತೊಳೆಯಲೂ ಹೋಗಬೇಡಿ, ಗೊತ್ತಿರುವ ರಿಪೇರಿಯವರನ್ನು ಕೇಳಿ. ಮುಗಿದ ಸೆಲ್ಲನ್ನು ಒಲೆಗೆ ಎಸೆಯಬೇಡಿ, ಕಸದ ಬುಟ್ಟಿಗೂ ಬೇಡ, ಹಳೇ ಬ್ಯಾಟರಿ ತೆಗೆದುಕೊಳ್ಳುವ ಜಾಗಕ್ಕೆ ಕೊಡಿ. ಆ ಪೆಟ್ಟಿಗೆಯಲ್ಲಿ ನಿಮ್ಮವರ ಯಾವ ದನಿ, ಯಾವ ಆಟ ಕಾದು ಕೂತಿದೆಯೋ ಯಾರಿಗೆ ಗೊತ್ತು?

ಟೀ ಬಂತು. ಇಕ್ಕಳಮ್ಮ ದನಿಯನ್ನು ಫೋನಿಗೆ ಇಳಿಸಿ ಮುಗಿಸಿದ್ದಳು. ಟೈಲರಮ್ಮ ಲೋಟಗಳನ್ನು ಮೇಜಿಗಿಟ್ಟು ರೆಕಾರ್ಡರು ಕೈಗೆತ್ತಿಕೊಂಡಳು. ಈ ಸಲ ಕೈಗವಸು ಇರಲಿಲ್ಲ. ಹೊಸ ಸೆಲ್ಲು ಎರಡನ್ನೂ ಹೊರಗೆ ತೆಗೆದು, ಒಂದು ಕ್ಷಣ ಅಂಗೈಯಲ್ಲಿಟ್ಟುಕೊಂಡು ನೋಡಿ, ಒಂದನ್ನು ಕಪಾಟಿನ ಮೇಲ್ಗಡೆ ಡಬ್ಬಿಗೆ ಹಾಕಿದಳು. ಇನ್ನೊಂದನ್ನು ಹಿಡಿದು ಸ್ಟೂಲು ಹತ್ತಿ ಗೋಡೆ ಗಡಿಯಾರದ ಬೆನ್ನಿಗೆ ಕೂರಿಸಿದಳು. ನಾಲ್ಕು ಹತ್ತಕ್ಕೆ ನಿಂತಿದ್ದ ಮುಳ್ಳು ಒಮ್ಮೆ ನಡುಗಿ, ನಡೆಯತೊಡಗಿತು. ಅವಳು ಇಳಿದು ಬಂದು ಕೈ ತೊಳೆದುಕೊಂಡು ಟೀ ಕುಡಿದಳು.