ಆಷಾಢಕ್ಕೆ ಮುಂಚೆ ಉಕ್ಕಿದ ಹಾಲು

ವನಜಾಕ್ಷಿ ಪಂಚಾಂಗ ನೋಡದೆ ಮಾತು ಕೊಟ್ಟುಬಿಟ್ಟಿದ್ದಳು.

ಗಂಡ ತೀರಿಕೊಂಡ ಮೇಲೆ ಬಂದ ವಿಮೆಯ ಹಣದಲ್ಲಿ ಮಧುಗಿರಿ ಕೋರ್ಟಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ಕೊಂಡಿದ್ದಳು. ಬಾಡಿಗೆ ಬಂದರೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಮೂರು ತಿಂಗಳಾದರೂ ನೋಡಿ ಹೋದವರು ಯಾರೂ ಬಾಡಿಗೆಗೆ ಬರಲಿಲ್ಲ. ಬಡವನಹಳ್ಳಿಯಿಂದ ಬಂದು ಮನೆ ತೋರಿಸುತ್ತಿದ್ದ ಬಾವ ಜಯರಾಮು, "ಮಾರ್‍ಬುಡಾಣ ಕಣಮ್ಮ, ಗಿರಾಕಿ ಅವ್ನೆ," ಎಂದ. "ಇನ್ನೊಂದು ತಿಂಗಳು ನೋಡಾಣ ಬಾವ. ಆಗದಿದ್ರೆ ನೀವು ಹೇಳ್ದಂಗೆ," ಎಂದಳು. ಆಮೇಲೆ ನೋಡಿದರೆ ಆ ತಿಂಗಳ ಬಹುಪಾಲು ಆಷಾಢ. ಆಷಾಢದಲ್ಲಿ ಯಾರು ಮನೆ ಬದಲಿಸುತ್ತಾರೆ?

ಬುಧವಾರ ಅಂಜಿನಮೂರ್ತಿ ಬಂದ. ಪಾವಗಡದಿಂದ ಮಧುಗಿರಿಗೆ ವರ್ಗವಾದ ಗುಮಾಸ್ತ. ಜೊತೆಗೆ ತಾಯಿ ಚಿಕ್ಕಹನುಮಕ್ಕ. ಜಯರಾಮು ಒಳಗೆ ಕರೆದೊಯ್ದ. ವನಜಾಕ್ಷಿ ಎಂದಿನಂತೆ ಗೇಟಿನ ಬಳಿಯೇ ನಿಂತಳು. ಬರಿಯ ಹಣೆ ಕಂಡರೆ ಬಂದವರು ಹಿಂದೆ ಸರಿದಾರೆಂಬ ಅಂಜಿಕೆ.

"ಇಲ್ಲು ಬಾಗುಂದಿರಾ," ಎಂದು ಮುದುಕಿ ಮಗನಿಗೆ ತೆಲುಗಿನಲ್ಲಿ ಮನೆ ಮೆಚ್ಚಿ ಹೇಳುತ್ತ ಹೊರಬಂದಳು. "ಆದ್ರೆ ಭಾನುವಾರಕ್ಕೆ ಆಷಾಢ ಬಂದ್ಬುಡ್ತದೆ. ಸಾಮಾನು ಕಟ್ಟಾಕೇ ಹತ್ತು ದಿನ ಬೇಕು. ಶ್ರಾವಣಕ್ಕೆ ಬತ್ತೀವಪ್ಪ."

"ಅಷ್ಟೊತ್ತಿಗೆ ಮನೆ ಬ್ಯಾರೆಯವ್ರ ಪಾಲಾಗಿರ್ತದೆ," ಎಂದ ಜಯರಾಮು.

ತಾಯಿ ಮಗ ಚಪ್ಪಲಿ ಮೆಟ್ಟಿದರು. ವನಜಾಕ್ಷಿ ಗೇಟು ಬಿಟ್ಟು ಮುಂದೆ ಬಂದಳು.

"ನಾಳೆ ಹಾಲು ಉಕ್ಕಿಸ್ಬುಡಿ. ಹಾಲು ಉಕ್ಕಿದ್ರೆ ಮನೆ ಸೇರ್‍ದಂಗೇ ಅಲ್ವಾ? ಆಷಾಢದಲ್ಲಿ ಬರೋದು ಬರೀ ಸಾಮಾನು."

"ನೀನ್ಯಾರಮ್ಮ?"

"ಮನೆ ನಂದು."

"ನಿಂದಾ? ಇಷ್ಟೊತ್ತು ಗೇಟಿಗೆ ಆತ್ಕೊಂಡು ನಿಂತಿದ್ಯಲ್ಲ, ಬ್ರೋಕರ್ ಕಡೇವ್ಳು ಅಂದ್ಕಂಡೆ." ಮುದುಕಿ ಮಗನ ಕಡೆ ನೋಡಿದಳು. ಹಾಲಿನ ಮಾತು ಅವಳಿಗೆ ಹಿಡಿಸಿದಂತಿತ್ತು. "ನೀರು ಹೆಂಗೆ? ಈ ಯಪ್ಪ ಮೂರು ದಿನಕ್ಕೊಂದ್ಸಲ ಅಂತಾನೆ."

"ನಲ್ಲೀಲಿ ಬರೋದು ಅಷ್ಟೇ. ಆದ್ರೆ ಬಚ್ಚಲ ಹಿಂದೆ ಸಂಪ್ ಐತೆ. ಒಂದ್ಸಲ ತುಂಬಿದ್ರೆ ವಾರ ಬರ್ತದೆ."

"ಸಂಪ್ ಐತಾ?" ಎಂದವನು ಜಯರಾಮು.

ಎಲ್ಲರೂ ಅವನ ಕಡೆ ತಿರುಗಿದರು. ಮೂರು ತಿಂಗಳು ಬಂದವರಿಗೆಲ್ಲ ಅವನು ನೀರು ಮೂರು ದಿನಕ್ಕೊಮ್ಮೆ ಎಂದಷ್ಟೇ ಹೇಳಿ ವಾಪಸ್ ಕಳಿಸಿದ್ದು ಆಗ ವನಜಾಕ್ಷಿಗೆ ತಿಳಿಯಿತು. ಸಿಟ್ಟು ಬರಬೇಕಿತ್ತು. ಬಹಳ ದಿನಗಳ ಮೇಲೆ ನಗು ಬಂತು.

"ಹಿಂದ್ಗಡೆ ಯಾರು ಹೋಗಿ ನೋಡಿದ್ರು," ಎಂದು ಅವನು ಗೊಣಗಿದ.

ಮರುದಿನ ಬೆಳಿಗ್ಗೆ ಚಿಕ್ಕಹನುಮಕ್ಕ ಒಲೆ ಹೊತ್ತಿಸಿ, "ಓನರಮ್ಮ, ಒಳಕ್ಕೆ ಬಾ," ಎಂದು ಕೂಗಿದಳು.

ವನಜಾಕ್ಷಿ ಹೊಸಿಲ ಹೊರಗೇ ನಿಂತಳು. "ನೀವೇ ಮಾಡಿ. ನಾನು..."

"ನನ್ನ ಹಣೇಲೇನು ಐತಂತೆ? ಇಪ್ಪತ್ತು ವರ್ಷ ಆಯ್ತು. ಇಬ್ರಿದ್ದೀವಿ, ಬಾ. ಹಾಲಿಗೆ ಅದೆಲ್ಲ ಗೊತ್ತಾಗಲ್ಲ."

ಅವಳು ಒಳಗೆ ಹೋದಳು. ಹಾಲು ಪಾತ್ರೆಯ ಅಂಚಿಗೆ ಬಂದು, ಒಂದು ಕ್ಷಣ ತಡೆದು, ಸುತ್ತಲೂ ಇಳಿಯಿತು. ಜಯರಾಮು ಅಂಗಳದಲ್ಲಿ ಫೋನಿನಲ್ಲಿ ಯಾರಿಗೋ, "ಇಲ್ಲ ಕಣಪ್ಪ, ಮಾರಲ್ವಂತೆ," ಎನ್ನುತ್ತಿದ್ದ.

ಲೋಟದ ಹಾಲು ಕುಡಿದು ಮುಗಿಸಿ ವನಜಾಕ್ಷಿ ಅಂಜಿನಮೂರ್ತಿಗೆ ಬೀಗದ ಕೈ ಕೊಟ್ಟಳು.

"ಬಾಡಿಗೆ ಐದನೇ ತಾರೀಖಿನೊಳಗೆ. ಗೋಡೆಗೆ ಮೊಳೆ ಹೊಡೆಯೋ ಮುಂಚೆ ನನ್ನ ಒಂದು ಮಾತು ಕೇಳಿ."